ಋಣ ಉತ್ತರ ಹೊಡೆದು ಹಾಕಿದ್ರೂ ಸೊನ್ನೆ ಬಂತು: ಹತ್ತನೇ ಕ್ಲಾಸಿನ ದೋಣಿ ಲೆಕ್ಕ

ಕಂಪ್ಲಿ_ಹೊಳೆದಂಡೆ
ಎಲ್ರಿಗೂ ನಮಸ್ಕಾರ. ನನ್ನ ಮಗಳು ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಸಮೀಕರಣ ಕೊಟ್ಟು ಬಿಡಿಸು ಅಂದ್ರೆ ಪಟಪಟ ಬಿಡಿಸ್ತಾಳೆ. ಅದನ್ನೇ ನಾಕು ಸಾಲಿನ ಹೇಳಿಕೆ ಲೆಕ್ಕ ಮಾಡಿ ಕೊಟ್ರೆ ಪೆನ್ನು ನಿಂತೇ ಬಿಡ್ತೈತೆ. ಟೆಸ್ಟಿನಾಗೆ ಬಂದಿದ್ದ ಲೆಕ್ಕ ಇದು:

"ನಿಶ್ಚಲ ನೀರಿನಲ್ಲಿ ಒಂದು ದೋಣಿಯ ವೇಗ ಗಂಟೆಗೆ 10 ಕಿ.ಮೀ. ಪ್ರವಾಹದ ವಿರುದ್ಧ 24 ಕಿ.ಮೀ. ಹೋಗಲು, ಅದೇ ದೂರವನ್ನು ಪ್ರವಾಹದ ಜೊತೆ ಬರುವುದಕ್ಕಿಂತ 1 ಗಂಟೆ ಹೆಚ್ಚು ಬೇಕು. ಪ್ರವಾಹದ ವೇಗ ಎಷ್ಟು?"

ಅವಳು ಬರ್ದಿದ್ದು: 24/(10 + ಎಕ್ಸ್) − 24/(10 − ಎಕ್ಸ್) = 1. ಅಲ್ಲಿಂದ ಎಕ್ಸ್² − 48ಎಕ್ಸ್ − 100 = 0. ಎಕ್ಸ್ = 50 ಅಥವಾ −2. ಋಣ ಉತ್ತರ ಬಿಡಬೇಕು ಅಂತ ಹೇಳ್ಕೊಟ್ಟಿದ್ದಾರೆ, ಅದಕ್ಕೆ −2 ಹೊಡೆದು ಹಾಕಿ 50 ಅಂತ ಬರೆದು ಸುತ್ತ ಚೌಕ ಹಾಕಿದ್ದಾಳೆ. ಸೊನ್ನೆ ಕೊಟ್ಟಿದ್ದಾರೆ. "ಬಿಡಿಸಿದ್ದು ಎಲ್ಲಾ ಸರಿ ಐತಲ್ಲಮ್ಮ" ಅಂತ ಕಣ್ಣೀರು ಹಾಕ್ತಾಳೆ. ಎಲ್ಲಿ ತಪ್ಪಿದ್ದು? ಇಂಥ ಲೆಕ್ಕಕ್ಕೆ ಮನೇಲಿ ಕೂಡಿಸಿಕೊಂಡು ಹೆಂಗೆ ಹೇಳ್ಕೊಡಬೇಕು?

ಮಾನ್ವಿ_ಬಿಸಿಲು
ಮೈನಸ್ಸಿನ ಆಕಡಿದು ಈಕಡಿ ಬಂದಾದ ಅಕ್ಕಾ. ಹೆಚ್ಚಿನ ಕಾಲದಾಗ ಕಡಿಮಿ ಕಾಲ ಕಳಿಬೇಕು.

ಲಿಂಗಸೂರು_ಗಣಿತ
ಅಕ್ಕಾರ, ನಾನು ಹೈಸ್ಕೂಲಿನಾಗ ಗಣಿತ ಹೇಳ್ತೀನಿ. ನಿಮ್ಮ ಮಗಳಿಗೆ ಬೀಜಗಣಿತ ಚೆನ್ನಾಗಿ ಬರ್ತದ, ಅದರಾಗ ಎರಡು ಮಾತಿಲ್ಲ. ತಪ್ಪಿದ್ದು ಮೊದಲನೇ ಸಾಲಿನಾಗ. "ಎಕ್ಸ್ ಆಗಿರಲಿ" ಅಂತ ಬರಿಯೋಕಿಂತ ಮುಂಚೆ ಮೂರು ಪ್ರಶ್ನೆ ಬಾಯಿ ಬಿಟ್ಟು ಹೇಳಿಸ್ರಿ. ಏನು ಕೇಳ್ಯಾರ? ಎರಡೂ ಕಡೆ ಒಂದೇ ಇರೋದು ಏನು? ಯಾವುದು ದೊಡ್ಡದು, ಯಾವುದು ಸಣ್ಣದು?

ಇಲ್ಲಿ ಕೇಳಿದ್ದು ಪ್ರವಾಹದ ವೇಗ. ಒಂದೇ ಇರೋದು ದೂರ, 24. ದೊಡ್ಡದು ವಿರುದ್ಧ ಹೋಗೋ ಕಾಲ. ಈಗ ಮೂರು ಮನಿ ಹಾಕ್ರಿ: ದೂರ, ವೇಗ, ಕಾಲ.

ವಿರುದ್ಧ: 24, (10 − ಎಕ್ಸ್), 24/(10 − ಎಕ್ಸ್)
ಜೊತೆ: 24, (10 + ಎಕ್ಸ್), 24/(10 + ಎಕ್ಸ್)

ದೊಡ್ಡದರಾಗ ಸಣ್ಣದು ಕಳೆದ್ರ 1. ಅಡ್ಡ ಗುಣಿಸಿದ್ರ 48ಎಕ್ಸ್ = 100 − ಎಕ್ಸ್², ಅಂದ್ರ ಎಕ್ಸ್² + 48ಎಕ್ಸ್ − 100 = 0. (ಎಕ್ಸ್ + 50)(ಎಕ್ಸ್ − 2) = 0. ಪ್ರವಾಹದ ವೇಗ ಗಂಟೆಗೆ 2 ಕಿ.ಮೀ. ತಾಳೆ ನೋಡ್ರಿ: 24/8 = 3 ಗಂಟೆ, 24/12 = 2 ಗಂಟೆ. ಒಂದು ಗಂಟೆ ಫರಕು ಬಂತು.

ಇನ್ನೊಂದು ಮಾತು. 50 ಬಂದಾಗ ಅದನ್ನ ತಿರುಗಿ ಲೆಕ್ಕದೊಳಗ ಹಾಕಿ ನೋಡಿದ್ರ ಅಲ್ಲೇ ಸಿಕ್ಕಿಬೀಳ್ತಿತ್ತು. ದೋಣಿ 10, ಹೊಳಿ 50. ವಿರುದ್ಧ ಹೋಗೋ ವೇಗ 10 − 50 = −40. ಆ ದೋಣಿ ಮುಂದಕ್ಕ ಹೋಗೋದೇ ಇಲ್ಲ, ಹಿಂದಕ್ಕ ಕೊಚ್ಚಿಕೊಂಡು ಹೋಗ್ತದ. ಕಂಪ್ಲಿ ಹುಡುಗಿಗೆ ತುಂಗಭದ್ರೆ ಗೊತ್ತಿಲ್ದ ಇರ್ತದೇನು?

ಕಂಪ್ಲಿ_ಹೊಳೆದಂಡೆ
ಸರ್, ಆ ಕೊನೇ ಮಾತು ಹೇಳಿದ ಕೂಡ್ಲೆ ಅವಳಿಗೆ ಹೊಳೀತು. ತುಂಬಾ ಧನ್ಯವಾದ. ಆದ್ರೆ "ಋಣ ಬಿಡಬೇಕು" ಅನ್ನೋದು ನಿಯಮ ಅಲ್ವಾ?

ಬಳ್ಳಾರಿ_ಕೋಟೆಕೆಳಗೆ
ನಿಯಮ ಅಲ್ಲ ಮೇಡಂ, ಅಭ್ಯಾಸ. ನಾನು ಇಂಜಿನಿಯರಿಂಗ್ ಓದ್ತಾ ಇದ್ದೀನಿ, ಈ ಒಂದು ವಾಕ್ಯದಿಂದ ಆಗೋ ಅನಾಹುತ ನೋಡ್ತಾನೇ ಇದ್ದೀನಿ. ನಿಮ್ಮ ಮಗಳ ಎರಡು ಉತ್ತರ ನೋಡಿ: 50, −2. ಸರ್ ಬಿಡಿಸಿದಾಗ ಬಂದಿದ್ದು −50, 2. ಅಂಕಿ ಅವೇ, ಚಿಹ್ನೆ ಮಾತ್ರ ಅದಲು ಬದಲು. ಯಾಕೆ ಅಂದ್ರೆ ಅವಳ ಸಮೀಕರಣದಲ್ಲಿ ಎಕ್ಸ್ ಇದ್ದಲ್ಲೆಲ್ಲ −ಎಕ್ಸ್ ಹಾಕಿದ್ರೆ ಸರಿಯಾದ ಸಮೀಕರಣವೇ ಬರುತ್ತೆ. ಅಂದ್ರೆ −2 ಅನ್ನೋದು "ವೇಗ 2, ಆದ್ರೆ ನೀನು ಹೊಳೆ ಹರಿಯೋ ದಿಕ್ಕನ್ನು ತಿರುಗಿಸಿ ಬರೆದಿದ್ದೀಯ" ಅಂತ ಹೇಳ್ತಾ ಇತ್ತು. ಸರಿ ಉತ್ತರದ ಸುಳಿವನ್ನೇ ಹೊಡೆದು ಹಾಕಿ, ಆಗದೇ ಇರೋ ಉತ್ತರಕ್ಕೆ ಚೌಕ ಹಾಕಿದಂಗಾಯ್ತು.

ದೇವದುರ್ಗ_77
ಇಷ್ಟೆಲ್ಲಾ ಯಾಕ ಬೇಕ್ರಿ? 80 ಅಂಕದ ಪೇಪರ್, 20 ಆಂತರಿಕ. ಥೇಲ್ಸ್ ಪ್ರಮೇಯ ಬಾಯಿಪಾಠ, ನಕ್ಷೆ ಒಂದು, ಸಂಖ್ಯಾಶಾಸ್ತ್ರದಾಗ ಸರಾಸರಿ, ಮಧ್ಯಾಂಕ, ಬಹುಲಕ. ಇಷ್ಟು ಗಟ್ಟಿ ಮಾಡಿದ್ರ ಹುಡುಗರು ಪಾಸ್. ಹೇಳಿಕೆ ಲೆಕ್ಕ ಬಿಟ್ಟುಬಿಡ್ಲಿ. ನಮ್ಮ ಕಡಿ ಹಳ್ಳಿ ಹುಡುಗರಿಗೆ ಮೊದಲು ಪಾಸಾಗೋದು ಮುಖ್ಯ.

ಬಳ್ಳಾರಿ_ಕೋಟೆಕೆಳಗೆ
ಪಾಸಾದ ಮೇಲೆ ಎಲ್ಲಿಗೆ ಹೋಗ್ತಾರೆ ಅಣ್ಣಾ? ಡಿಪ್ಲೊಮಾ, ಐಟಿಐ, ಪಿಯುಸಿ ಸೈನ್ಸ್, ಯಾವುದಕ್ಕೆ ಸೇರಿದ್ರೂ ಮೊದಲನೇ ವಾರದಿಂದ ಹೇಳಿಕೆ ಲೆಕ್ಕವೇ. ಬರೀ ಸಮೀಕರಣ ಕೊಟ್ಟು ಬಿಡಿಸು ಅನ್ನೋರು ಮುಂದೆ ಯಾರೂ ಸಿಗಲ್ಲ.

ದೇವದುರ್ಗ_77
ನೀವು ಸಿಟಿಯಾಗ ಕುಂತು ಹೇಳ್ತೀರಿ. ಹತ್ತಿ ಬಿಡಿಸೋ ಹಂಗಾಮಿನಾಗ ಹದಿನೈದು ದಿನ ಸಾಲಿಗೇ ಬರದ ಹುಡುಗರು ಅದಾರ ಇಲ್ಲಿ. ಅವರಿಗೆ ಪರೀಕ್ಷಾಕ ಇನ್ನ ಎರಡು ತಿಂಗಳು ಇದ್ದಾಗ ಏನು ಕಲಿಸ್ತೀರಿ ಹೇಳ್ರಿ.

ಲಿಂಗಸೂರು_ಗಣಿತ
ದೇವದುರ್ಗದವರ ಮಾತು ಪೂರಾ ತೆಗೆದು ಹಾಕೋಹಂಗಿಲ್ಲ. ತೀರಾ ಹಿಂದ ಬಿದ್ದ ಹುಡುಗರಿಗೆ ನಾನೂ ಮೊದಲು ನಕ್ಷೆ, ಸಂಖ್ಯಾಶಾಸ್ತ್ರನೇ ಹಿಡಿಸ್ತೀನಿ. ಆದ್ರ ಈ ಹುಡುಗಿ ಹಂಗಲ್ಲ, ಇಷ್ಟು ದೂರ ಬಂದಾಳ. ಮತ್ತ, ಹತ್ತಿ ಬಿಡಿಸಿ ಬಂದ ಹುಡುಗನಿಗೆ "ಕೆಜಿಗೆ ಇಷ್ಟು, ಇಬ್ಬರು ಸೇರಿ ಇಷ್ಟು ಬಿಡಿಸಿದ್ರು, ನಿನ್ನ ಪಾಲೆಷ್ಟು" ಅಂತ ಕೇಳ್ರಿ. ಬಾಯಾಗೇ ಹೇಳ್ತಾನ. ಅವನಿಗೆ ಹೇಳಿಕೆ ಲೆಕ್ಕ ಬರೋದಿಲ್ಲ ಅಂತ ಹ್ಯಾಂಗ ಅನ್ನೋದು? ಬಾಯಾಗಿದ್ದದ್ದು ಹಾಳಿ ಮ್ಯಾಲ ಇಳಿಯೋದು ಕಲಿಸಬೇಕು.

ಎಸ್ಸೆಸ್ಸೆಲ್ಸಿ_ಕುಷ್ಟಗಿ
ಸರ್ ನಾನು ಬೆಲೆ ಹಾಕಿ ನೋಡಿದೆ. ಎಕ್ಸ್ 1 ಹಾಕಿದ್ರ ಸರಿ ಬರವಲ್ದು, 2 ಹಾಕಿದ್ರ 3 ತಾಸು 2 ತಾಸು ಬಂತು. ಅರ್ಧ ನಿಮಿಷ ಸಾಕಾತು. ಹಿಂಗ ಬರದ್ರ ಮಾರ್ಕ್ಸ್ ಕೊಡ್ತಾರೇನು?

ಲಿಂಗಸೂರು_ಗಣಿತ
ತಮ್ಮಾ, ಹಂತ ತೋರಿಸದ ಉತ್ತರಕ್ಕ ಪೂರ್ತಿ ಅಂಕ ಸಿಗೋದಿಲ್ಲ. ಆದ್ರ ಒರಟು ಹಾಳ್ಯಾಗ ಹಿಂಗ ಮಾಡಿ ಉತ್ತರ ಮೊದಲೇ ತಿಳ್ಕೊಂಡು ಆಮ್ಯಾಲ ಸಮೀಕರಣ ಬರಿ. ನೀನು ಬರ್ದ ಸಮೀಕರಣದಾಗ 2 ಕೂಡದಿದ್ರ ಸಮೀಕರಣ ತಪ್ಪು ಅಂತ ಅಲ್ಲೇ ಗೊತ್ತಾಗ್ತದ.

ಗಂಗಾವತಿ_ಭತ್ತ
ಋಣ ಬಿಡಬೇಕು ಅನ್ನೋ ಮಾತಿಗೆ ನಂದೊಂದು ಲೆಕ್ಕ. ನಮ್ಮೂರ ರೈಸ್ ಮಿಲ್ಲಿನಾಗ ಚೀಲ ಒಟ್ಟೋದು ನೋಡೀರಲ್ಲ? ಕೆಳಗಿನ ಸಾಲಿನಾಗ 15 ಚೀಲ, ಅದರ ಮ್ಯಾಲ 14, ಅದರ ಮ್ಯಾಲ 13, ಹಿಂಗ. ಒಟ್ಟು 105 ಚೀಲ ಅದಾವ. ಎಷ್ಟು ಸಾಲು?

ಸಮಾಂತರ ಶ್ರೇಢಿ ಮೊತ್ತ: ಎನ್/2 × [30 − (ಎನ್ − 1)] = 105. ಎನ್² − 31ಎನ್ + 210 = 0. (ಎನ್ − 10)(ಎನ್ − 21) = 0. ಉತ್ತರ 10, 21. ಎರಡೂ ಧನ. ಈಗ ಯಾವುದು ಹೊಡಿತೀರಿ?

ಎಸ್ಸೆಸ್ಸೆಲ್ಸಿ_ಕುಷ್ಟಗಿ
21 ಹೊಡಿಬೇಕು. ಹದಿನೈದು ಸಾಲಿಗೆ ಚೀಲ ಮುಗಿತಾವ.

ಮಾನ್ವಿ_ಬಿಸಿಲು
ಮುಗಿದ ಮ್ಯಾಲ 21 ಯಾಕ ಬಂತು ಹಂಗಾರ? ಲೆಕ್ಕ ಸುಳ್ಳು ಹೇಳ್ತದೇನು?

ಗಂಗಾವತಿ_ಭತ್ತ
ಸುಳ್ಳಲ್ಲ. 15ರಿಂದ 6ರ ತನಕ ಕೂಡಿಸಿದ್ರ 105, ಹತ್ತು ಸಾಲು. ಮುಂದ 5, 4, 3, 2, 1 ಕೂಡಿದ್ರ 15 ಹೆಚ್ಚಾತು. ಹದಿನಾರನೇದು ಸೊನ್ನೆ. ಆಮ್ಯಾಲ −1, −2, −3, −4, −5 ಬಂದು ಆ ಹದಿನೈದನ್ನ ಕಳದು ಹಾಕ್ತಾವ. ಇಪ್ಪತ್ತೊಂದನೇ ಪದಕ್ಕ ತಿರುಗಿ 105. ಸಂಖ್ಯೆ ಲೆಕ್ಕದಾಗ 21 ಖರೇನ ಐತಿ. ಆದ್ರ ಮಿಲ್ಲಿನಾಗ ಮೈನಸ್ ಐದು ಚೀಲ ಒಟ್ಟೋ ಹಮಾಲ ಎಲ್ಲೆದಾನ? ಚೀಲದ ಲೆಕ್ಕ ಅನ್ನೋ ಕಾರಣಕ್ಕ 21 ಬಿಡ್ತೀವಿ, ಋಣ ಅನ್ನೋ ಕಾರಣಕ್ಕ ಅಲ್ಲ.

ಲಿಂಗಸೂರು_ಗಣಿತ
ಭಾಳ ಚಂದ. ಮೂರನೇ ಬಗಿ ನಾನು ಸೇರಿಸ್ತೀನಿ. "ಎರಡು ಅನುಕ್ರಮ ಪೂರ್ಣಾಂಕಗಳ ಗುಣಲಬ್ಧ 56, ಸಂಖ್ಯೆ ಯಾವುವು?" ಎಕ್ಸ್² + ಎಕ್ಸ್ − 56 = 0, ಎಕ್ಸ್ = 7 ಅಥವಾ −8. ಇಲ್ಲಿ −8 ಹೊಡೆದ್ರ ತಪ್ಪು. 7, 8 ಒಂದು ಜೋಡಿ. −8, −7 ಇನ್ನೊಂದು. ಎರಡೂ ಬರಿಬೇಕು. "ಧನ ಪೂರ್ಣಾಂಕ" ಅಂತ ಕೊಟ್ಟಿದ್ರ ಮಾತ್ರ ಬಿಡ್ಬೇಕು. ನಾನು ಹುಡುಗರಿಗೆ ಉತ್ತರದ ಮುಂದ ಒಂದು ವಾಕ್ಯ ಬರೆಸ್ತೀನಿ: ಇದನ್ನ ಯಾಕ ಬಿಟ್ಟೆ. "ವೇಗ ಋಣ ಇರಲು ಸಾಧ್ಯವಿಲ್ಲ", "16ನೇ ಸಾಲಿನಲ್ಲಿ ಚೀಲವೇ ಇಲ್ಲ", ಹಿಂಗ. ಕಾರಣ ಬರಿಯೋಕ ಆಗ್ಲಿಲ್ಲ ಅಂದ್ರ ಹೊಡಿಯೋ ಹಕ್ಕಿಲ್ಲ.

ಕಂಪ್ಲಿ_ಹೊಳೆದಂಡೆ
ಇದು ನನಗೂ ಅರ್ಥ ಆಯ್ತು. ಇನ್ನೊಂದು ಕೇಳ್ತೀನಿ. ಅಪವರ್ತಿಸೋವಾಗ ಮಧ್ಯಪದ ಒಡೆಯೋಕೆ ಜೋಡಿ ಹುಡುಕಿ ಹುಡುಕಿ ಹತ್ತು ನಿಮಿಷ ಕಳೀತಾಳೆ. ನೇರವಾಗಿ ಸೂತ್ರ ಹಾಕಿದ್ರೆ ಆಗಲ್ವಾ?

ಬಳ್ಳಾರಿ_ಕೋಟೆಕೆಳಗೆ
ಪ್ರಶ್ನೆಯಲ್ಲಿ "ಅಪವರ್ತನ ವಿಧಾನದಿಂದ" ಅಂತ ಇದ್ರೆ ಅದೇ ವಿಧಾನ. ಇಲ್ಲದಿದ್ರೆ ಸೂತ್ರವೇ ಒಳ್ಳೇದು, ಯಾವತ್ತೂ ಕೈ ಕೊಡಲ್ಲ.

ಗಂಗಾವತಿ_ಭತ್ತ
ಒಪ್ಪೂದಿಲ್ಲ. ಸೂತ್ರ ಹಾಕಿದ್ರ ವರ್ಗಮೂಲ ತಗಿಬೇಕು. ದೋಣಿ ಲೆಕ್ಕದಾಗೇ ನೋಡ್ರಿ, 48² + 400 = 2704. ಅದರ ವರ್ಗಮೂಲ 52 ಅಂತ ಎಷ್ಟು ಹುಡುಗರು ಪರೀಕ್ಷಾ ಹಾಲಿನಾಗ ಕಂಡುಹಿಡಿತಾರ? 100ಕ್ಕ ಜೋಡಿ ಹುಡುಕೋದು ಸರಳ: 50 ಮತ್ತ 2.

ಬಳ್ಳಾರಿ_ಕೋಟೆಕೆಳಗೆ
ಹಂಗಾದ್ರೆ 1200ಕ್ಕೆ ಹುಡುಕಿ. ಬಳ್ಳಾರಿಯಿಂದ ಹೊಸಪೇಟೆಗೆ 60 ಕಿ.ಮೀ. ಅಂತ ಇಟ್ಕೊಳ್ಳಿ. ವೇಗ ಗಂಟೆಗೆ 10 ಹೆಚ್ಚು ಮಾಡಿದ್ರೆ ಅರ್ಧ ಗಂಟೆ ಉಳಿಯುತ್ತೆ, ಮೊದಲಿನ ವೇಗ ಎಷ್ಟು? ಎಕ್ಸ್² + 10ಎಕ್ಸ್ − 1200 = 0. ಸೂತ್ರದಲ್ಲಿ 100 + 4800 = 4900, ವರ್ಗಮೂಲ 70, ಎಕ್ಸ್ = 30. ಮುಗೀತು.

ಗಂಗಾವತಿ_ಭತ್ತ
40 ಮತ್ತ 30. ನೀವು 4900 ಬರಿಯೋದ್ರೊಳಗ ಬಂತು.

ನಿವೃತ್ತ_ಮೇಷ್ಟ್ರು_ಸಿಂಧನೂರು
ಇಬ್ಬರೂ ತಡೀರಪ್ಪಾ. ಮಗುವಿಗೆ ಸೂತ್ರ ಎಲ್ಲಿಂದ ಬಂತು ಅಂತ ಒಂದು ಸಲ ತೋರಿಸಿದ್ರೆ ಈ ಜಗಳ ಬೇಕಾಗೋದಿಲ್ಲ. ನಮ್ಮ ದೇಶದ ಶ್ರೀಧರಾಚಾರ್ಯರ ಉಪಾಯ ಇದೆ. ಅವರ ಬೀಜಗಣಿತ ನಮಗೆ ಉಳಿದಿಲ್ಲ, 12ನೇ ಶತಮಾನದ ಭಾಸ್ಕರಾಚಾರ್ಯರು ಎತ್ತಿ ಹೇಳಿದ್ದರಿಂದ ಉಳಿಯಿತು. ಸಮೀಕರಣ ಎಎಕ್ಸ್² + ಬಿಎಕ್ಸ್ + ಸಿ = 0 ಅಂತಿದ್ದರೆ ಎರಡೂ ಕಡೆ 4ಎ ಇಂದ ಗುಣಿಸು, ಅಷ್ಟೇ.

2ಎಕ್ಸ್² − 7ಎಕ್ಸ್ + 3 = 0 ತಗೋ. 4 × 2 = 8ರಿಂದ ಗುಣಿಸು: 16ಎಕ್ಸ್² − 56ಎಕ್ಸ್ + 24 = 0. 24 ಆಚೆ ಕಳಿಸಿ ಎರಡೂ ಕಡೆ 7ರ ವರ್ಗ 49 ಕೂಡಿಸು: 16ಎಕ್ಸ್² − 56ಎಕ್ಸ್ + 49 = 25. ಎಡಗಡೆ (4ಎಕ್ಸ್ − 7)² ಕಾಣಿಸ್ತಾ? 4ಎಕ್ಸ್ − 7 = 5 ಅಥವಾ −5. ಎಕ್ಸ್ = 3 ಅಥವಾ 1/2. ಭಿನ್ನರಾಶಿಯ ಕಾಟವೇ ಇಲ್ಲ. ವರ್ಗ ಪೂರ್ಣಗೊಳಿಸುವಾಗ ನಮ್ಮ ಮಕ್ಕಳು ಎಡವೋದು ಭಿನ್ನರಾಶಿಯಲ್ಲೇ. ಇದನ್ನೇ ಅಕ್ಷರದಲ್ಲಿ ಬರೆದರೆ (2ಎಎಕ್ಸ್ + ಬಿ)² = ಬಿ² − 4ಎಸಿ. ಸೂತ್ರ ಅಲ್ಲೇ ನಿಂತಿದೆ.

ಎಸ್ಸೆಸ್ಸೆಲ್ಸಿ_ಕುಷ್ಟಗಿ
ಸರ್ ಬಲಗಡೆ ಮೈನಸ್ ಬಂದ್ರ?

ನಿವೃತ್ತ_ಮೇಷ್ಟ್ರು_ಸಿಂಧನೂರು
ಅದಕ್ಕೇ ಬಿ² − 4ಎಸಿ ಯನ್ನು ಶೋಧಕ ಅನ್ನೋದು ತಮ್ಮಾ. ಸೊನ್ನೆಗಿಂತ ಕಡಿಮೆ ಬಂದರೆ ವಾಸ್ತವ ಮೂಲಗಳಿಲ್ಲ. 9ನೇ ಶತಮಾನದಲ್ಲೇ ಮಹಾವೀರಾಚಾರ್ಯ ಇದನ್ನು ಸ್ಪಷ್ಟವಾಗಿ ಹೇಳಿದ್ದಾನೆ: ಋಣಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ಅವನು ನಮ್ಮ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವನು.

ಆನೆಗೊಂದಿ_ದಡ
ನೃಪತುಂಗನ ಕಾಲದಾಗ ನಮ್ಮ ಕೊಪ್ಪಳಕ್ಕ ಕೊಪಣ ಅಂತ ದೊಡ್ಡ ಹೆಸರು. ಜೈನರ ಮಹಾತೀರ್ಥ. ಮಹಾವೀರಾಚಾರ್ಯನೂ ಜೈನನೇ.

ಮಾನ್ವಿ_ಬಿಸಿಲು
ಹಂಗಂತ ಕೊಪ್ಪಳಕ್ಕ ಬಂದಿದ್ದ ಅನ್ಬ್ಯಾಡ್ರಿ ಮತ್ತ.

ಆನೆಗೊಂದಿ_ದಡ
ನಾನೆಲ್ಲಿ ಅಂದೆ? ಕಾಲ ಒಂದೇ ಅಂದೆ. ಇರ್ಲಿ, ಲೆಕ್ಕಕ್ಕೇ ಬರ್ತೀನಿ. ಸಮರೂಪ ತ್ರಿಭುಜ ಹೇಳ್ಕೊಡೋರು ಮಕ್ಕಳನ್ನ ಹೊಳೆ ದಾಟಿಸಿ ಹಂಪಿ ವಿರೂಪಾಕ್ಷ ಗುಡಿಗೆ ಕರ್ಕೊಂಡು ಹೋಗ್ರಿ. ಹಿಂದಿನ ಕತ್ತಲ ಕೋಣ್ಯಾಗ ಗೋಡಿ ಮ್ಯಾಲ ಗೋಪುರದ ನೆರಳು ತಲಿಕೆಳಗ ಬೀಳ್ತೈತಿ. ಸಣ್ಣ ಕಿಂಡಿ ಒಂದು, ಬೆಳಕು ನೇರ ಬರ್ತೈತಿ. ಕಿಂಡಿಯಿಂದ ಆಚಿಗೆ ಒಂದು ತ್ರಿಭುಜ, ಈಚಿಗೆ ಒಂದು. ಗೋಪುರದ ಎತ್ತರ ಸುಮಾರು 50 ಮೀಟರ್. ನೆರಳಿನ ಎತ್ತರ, ಕಿಂಡಿಯಿಂದ ಗೋಡಿಗೆ ದೂರ ಅಳದ್ರ ಗೋಪುರ ಎಷ್ಟು ದೂರ ಐತಿ ಅಂತ ಅನುಪಾತದಾಗ ಬಂದುಬಿಡ್ತೈತಿ. ತ್ರಿಭುಜಗಳ ಪಾಠ ಬೋರ್ಡ್ ಮ್ಯಾಲ ಕಲಿಯೋಕೂ ಆ ಕೋಣ್ಯಾಗ ನಿಂತು ಕಲಿಯೋಕೂ ಭಾಳ ಫರಕೈತಿ.

ಸಿರುಗುಪ್ಪ_ಕಾಲುವೆ
ನಾನು ರೈತ. ನಮಗೆ ದಿನಾ ಬೇಕಾಗೋ ಲೆಕ್ಕ ಶಾಲೆಯಾಗೆ ಯಾಕೆ ಹೇಳ್ಕೊಡಲ್ಲ? ಪೇಪರಿನಾಗೆ ಡ್ಯಾಮಿಗೆ 50 ಸಾವಿರ ಕ್ಯೂಸೆಕ್ ಒಳಹರಿವು ಅಂತ ಬರ್ತೈತೆ, ಪಕ್ಕದಾಗೆ ಇಷ್ಟು ಟಿಎಂಸಿ ಸಂಗ್ರಹ ಅಂತ. ನಮ್ಮ ಹುಡುಗನ್ನ ಕೇಳಿದ್ರೆ ಸುಮ್ನೆ ನಿಂತ್ಕೊಂಡ.

ಬಳ್ಳಾರಿ_ಕೋಟೆಕೆಳಗೆ
ಕಾಕಾ, ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಭಾಗಿಸಿದ್ರೆ ಸುಮಾರು 11,574. ಅಂದ್ರೆ ಅಷ್ಟು ಕ್ಯೂಸೆಕ್ ಇಪ್ಪತ್ನಾಲ್ಕು ಗಂಟೆ ಬಂದ್ರೆ ಒಂದು ಟಿಎಂಸಿ. 50 ಸಾವಿರ ಬಂದ್ರೆ ದಿನಕ್ಕೆ 4.32 ಟಿಎಂಸಿ.

ಸಿರುಗುಪ್ಪ_ಕಾಲುವೆ
ಬರ್ಕೊಂಡೆ. 2024ರ ಆಗಸ್ಟಿನಾಗೆ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಎಷ್ಟು ನೀರು ಹೋಗ್ತೈತೆ, ನಮ್ಮ ಭತ್ತಕ್ಕೆ ಉಳೀತೈತಾ ಅಂತ ಊರೇ ಲೆಕ್ಕ ಹಾಕ್ತಾ ಕೂತಿತ್ತು. ಅವತ್ತು ಇದು ಗೊತ್ತಿದ್ರೆ ಚೆನ್ನಾಗಿರ್ತಿತ್ತು.

ಲಿಂಗಸೂರು_ಗಣಿತ
ಈ ಲೆಕ್ಕ ನಾಳೆ ಕ್ಲಾಸಿಗೆ ತಗೊಂಡು ಹೋಗ್ತೀನಿ. ಏಕಮಾನ ಪರಿವರ್ತನೆ ಅಂತ ಹೇಳಿದ್ರ ಹುಡುಗರು ಬ್ಯಾಸರ ಮಾಡ್ಕೊತಾರ. ಡ್ಯಾಮ್ ಅಂದ್ರ ಕಿವಿ ಕೊಡ್ತಾರ.

ದೇವದುರ್ಗ_77
ಇದಕ್ಕ ನಂದೂ ಒಪ್ಪಿಗಿ. ಇಂಥಾ ಲೆಕ್ಕ ಆದ್ರ ನಮ್ಮ ಹುಡುಗರೂ ಮಾಡ್ತಾರ. ಆದ್ರೂ ಪರೀಕ್ಷಾದ ಹತ್ರ ಮಾತ್ರ ನಾನು ಹೇಳಿದ್ದು ಹೇಳಿದ್ದೇ.

ಕಂಪ್ಲಿ_ಹೊಳೆದಂಡೆ
ಚೀಲದ ಲೆಕ್ಕ ಮಗಳಿಗೆ ಕೊಟ್ಟೆ. 10 ಬರೆದು, ಪಕ್ಕದಾಗೆ "16ನೇ ಸಾಲಿನಲ್ಲಿ ಚೀಲ ಇಲ್ಲ, ಆದ್ದರಿಂದ 21 ಆಗುವುದಿಲ್ಲ" ಅಂತ ತಾನೇ ಬರೆದ್ಲು! ಮುಂದಿನ ಟೆಸ್ಟು ತ್ರಿಕೋನಮಿತಿ. ಉನ್ನತ ಕೋನ (ಕೆಳಗಿಂದ ಮೇಲೆ ನೋಡೋದು) ಬರ್ತೈತೆ, ಅವನತ ಕೋನದ (ಮೇಲಿಂದ ಕೆಳಗೆ ನೋಡೋದು) ಚಿತ್ರ ಪ್ರತಿ ಸಲ ತಪ್ಪು.

ನಿವೃತ್ತ_ಮೇಷ್ಟ್ರು_ಸಿಂಧನೂರು
ತಂಗಿ, ಮಕ್ಕಳು ಅವನತ ಕೋನವನ್ನು ಗೋಪುರದ ಗೋಡೆಯಿಂದ ಅಳೀತಾರೆ. ಅಳೀಬೇಕಾದ್ದು ಕಣ್ಣಿನ ಮಟ್ಟದ ಅಡ್ಡ ಗೆರೆಯಿಂದ ಕೆಳಗೆ. ಚಿತ್ರ ಶುರು ಮಾಡುವಾಗಲೇ ಗೋಪುರದ ತುದಿಯಲ್ಲಿ ನೆಲಕ್ಕೆ ಸಮಾಂತರವಾಗಿ ಒಂದು ಚುಕ್ಕಿ ಗೆರೆ ಎಳೆಯಲಿ. ಆಮೇಲೆ ಪರ್ಯಾಯ ಕೋನ ಅಂತ ಅದೇ ಬೆಲೆಯನ್ನು ಕೆಳಗೆ ನೆಲದ ಹತ್ತಿರ ಬರೆದುಬಿಡಲಿ. ಅಲ್ಲಿಂದ ಮುಂದೆ ಎಲ್ಲವೂ ಉನ್ನತ ಕೋನದ ಲೆಕ್ಕವೇ.

ಬಳ್ಳಾರಿ_ಕೋಟೆಕೆಳಗೆ
ಇನ್ನೊಂದು ಸೇರಿಸ್ತೀನಿ. "ಮೊದಲು 30°, ಗೋಪುರದ ಕಡೆಗೆ 40 ಮೀ. ನಡೆದ ಮೇಲೆ 60°, ಎತ್ತರ ಎಷ್ಟು" ಅನ್ನೋ ಲೆಕ್ಕ ಬಹಳ ಸಲ ಬರುತ್ತೆ. ಹೊರಗಿನ ತ್ರಿಭುಜದಲ್ಲಿ (ನಿಂತ ಎರಡು ಬಿಂದು ಮತ್ತು ಗೋಪುರದ ತುದಿ) ತುದಿಯ ಕೋನ 60 − 30 = 30°. ಎರಡು ಕೋನ ಸಮ, ಅಂದ್ರೆ ಸಮದ್ವಿಬಾಹು. ಹಾಗಾಗಿ ಹತ್ತಿರದ ಬಿಂದುವಿನಿಂದ ತುದಿಗೆ ಓರೆ ದೂರವೂ 40. ಎತ್ತರ = 40 × ಸೈನ್ 60° = 20√3, ಸುಮಾರು 34.64 ಮೀ. ಎರಡು ಟ್ಯಾನ್ ಸಮೀಕರಣ ಬರೆದು ಬಿಡಿಸಿದವರೂ ಇದರಿಂದ ತಾಳೆ ನೋಡಬಹುದು.

ಮಾನ್ವಿ_ಬಿಸಿಲು
ಓಹ್, ಸಮದ್ವಿಬಾಹು ಅಂತ ಯಾರೂ ತೋರ್ಸಿದ್ದಿಲ್ಲ.

ಲಿಂಗಸೂರು_ಗಣಿತ
ಕಂಪ್ಲಿ ಅಕ್ಕಾರ, ಮಗಳಿಗೆ ಇದು ಕೊಡ್ರಿ. ಕುಷ್ಟಗಿ ತಮ್ಮಾ, ನೀನೂ ಮಾಡು. ರಾಯಚೂರು ಕೋಟಿ ಇರೋ ಗುಡ್ಡದ ತುದಿ ನೆಲದಿಂದ 60 ಮೀ. ಎತ್ತರ ಅಂತ ತಿಳಕೊಂಡು, ಅಲ್ಲಿಂದ ನೋಡಿದ್ರ ಕೆಳಗ ಒಂದೇ ನೇರದಾಗ, ಒಂದೇ ಕಡಿ ಎರಡು ಆಟೋ ನಿಂತಾವ. ಅವನತ ಕೋನ 45° ಮತ್ತು 30°. ಆಟೋಗಳ ನಡುವಿನ ದೂರ ಎಷ್ಟು? √3 = 1.732 ಹಿಡೀರಿ.

ಎಸ್ಸೆಸ್ಸೆಲ್ಸಿ_ಕುಷ್ಟಗಿ
ಹತ್ರದ ಆಟೋ 60. ದೂರದ್ದು 60√3 = 103.92. ಕಳದ್ರ 43.92.

ಗಂಗಾವತಿ_ಭತ್ತ
ಏಕಮಾನ ಎಲ್ಲಿ ತಮ್ಮಾ? ಅರ್ಧ ಅಂಕ ಅಲ್ಲೇ ಹೋಗ್ತೈತಿ. 43.92 ಮೀಟರ್ ಅಂತ ಬರಿ.